ಎಕ್ಸ್‌ಎಸ್‌ಎಲ್‌ಟಿ ಕಲಿಕೆಯ ಪುಸ್ತಕಗಳು

ಎಕ್ಸ್‌ಎಂಎಲ್ ಕಡತಗಳನ್ನು ವೆಬ್ ಪುಟ, ಪಠ್ಯ ಅಥವಾ ಬೇರೊಂದು ವಿನ್ಯಾಸದ ಎಕ್ಸ್‌ಎಂಎಲ್ ಆಗಿ ಮಾರ್ಪಡಿಸುವ ಎಕ್ಸ್‌ಎಸ್‌ಎಲ್‌ಟಿ ಭಾಷೆಯನ್ನು ಕಲಿಸಲು ಬರೆದ ಪುಸ್ತಕಗಳು. ಇವುಗಳ ಸುಗ್ಗಿ ಹತ್ತು ವರ್ಷವೂ ನಡೆಯಲಿಲ್ಲ.

ಎಕ್ಸ್‌ಎಂಎಲ್‌ನ ತಾಯಿಬೇರು 1986ರಲ್ಲಿ ಐಎಸ್‌ಒ ಮಾನಕವಾದ ಎಸ್‌ಜಿಎಂಎಲ್. ಅದರ ರೂವಾರಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ 1990ರಲ್ಲಿ ಅದಕ್ಕೊಂದು ಕೈಪಿಡಿ ಬರೆದರು; ಅದು ತಜ್ಞರಿಗಷ್ಟೇ ದಕ್ಕುವಂಥದ್ದು. 1998ರ ಫೆಬ್ರವರಿ 10ರಂದು ಎಕ್ಸ್‌ಎಂಎಲ್ 1.0 ಬಂದಾಗ ಮಾನಕದ ಪಠ್ಯ ತೆಳ್ಳಗಿತ್ತು, ಅದನ್ನು ವಿವರಿಸುವ ಪುಸ್ತಕಗಳು ಮಾತ್ರ ಇಟ್ಟಿಗೆಯಷ್ಟು ದಪ್ಪ. ಎಲಿಯಟ್ ರಸ್ಟಿ ಹ್ಯಾರಲ್ಡ್ 1999ರಲ್ಲಿ ಬರೆದ ‘ಎಕ್ಸ್‌ಎಂಎಲ್ ಬೈಬಲ್’ ಸುಮಾರು ಸಾವಿರ ಪುಟ.

1999ರ ನವೆಂಬರ್ 16ರಂದು ಎಕ್ಸ್‌ಎಸ್‌ಎಲ್‌ಟಿ 1.0 ಹೊರಬಂತು. ಸಿ, ಜಾವಾ ಬಲ್ಲವರೂ ಇಲ್ಲಿ ಎಡವಿದರು. ವೇರಿಯಬಲ್‌ಗೆ ಒಮ್ಮೆ ಕೊಟ್ಟ ಬೆಲೆಯನ್ನು ಮತ್ತೆ ಬದಲಿಸುವಂತಿಲ್ಲ. ಲೂಪ್ ತಿರುಗಿಸುತ್ತ ಲೆಕ್ಕ ಕೂಡಿಸುವ ಹಳೆಯ ಅಭ್ಯಾಸ ನಡೆಯುವುದಿಲ್ಲ. ಆಜ್ಞೆಗಳನ್ನು ಒಂದರ ಹಿಂದೊಂದು ಬರೆಯುವ ಬದಲು ‘ಇಂಥದ್ದು ಸಿಕ್ಕರೆ ಹೀಗೆ ಮಾಡು’ ಎಂಬ ಟೆಂಪ್ಲೇಟ್‌ಗಳನ್ನು ಬರೆದಿಡಬೇಕು. ಪುಸ್ತಕಗಳು ಬೇಕಾದದ್ದು ವ್ಯಾಕರಣ ಕಲಿಸಲು ಅಲ್ಲ, ಈ ಜಾಡು ಹಿಡಿಸಲು.

ಗುಂಪು ಮಾಡುವ ಸಮಸ್ಯೆಯನ್ನೇ ನೋಡಬಹುದು. ಎಕ್ಸ್‌ಎಂಎಲ್ ಯುನಿಕೋಡ್ ಮೇಲೆ ನಿಂತದ್ದರಿಂದ ಟ್ಯಾಗ್‌ನ ಹೆಸರು ಕನ್ನಡದಲ್ಲೂ ಇರಬಹುದು (ಇಂಗ್ಲಿಷ್ ಪುಸ್ತಕಗಳ ಉದಾಹರಣೆ ನೋಡಿದವರಿಗೆ ಇದು ಹೊಳೆಯುವುದೇ ಕಡಿಮೆ). <ಪುಸ್ತಕ> ಎಂಬ ನೂರು ನಮೂದುಗಳಿವೆ, ಪ್ರತಿಯೊಂದರೊಳಗೂ <ಲೇಖಕ> ಇದೆ ಎಂದುಕೊಳ್ಳಿ. ಲೇಖಕರವಾರು ಪಟ್ಟಿ ಬೇಕು. 1.0ರಲ್ಲಿ ಅದಕ್ಕೆ ನೇರವಾದ ಸೌಲಭ್ಯವೇ ಇರಲಿಲ್ಲ. ಆರಕಲ್‌ನ ಸ್ಟೀವ್ ಮ್ಯೂಂಚ್ ಉಪಾಯವೊಂದನ್ನು ಹುಡುಕಿ, 2000ದ ತಮ್ಮ ಪುಸ್ತಕದಲ್ಲಿ ಕೊಟ್ಟರು: ಲೇಖಕರ ಹೆಸರಿನ ಮೇಲೆ ಒಂದು ಕೀ ಕಟ್ಟು; ಪ್ರತಿ ಪುಸ್ತಕವನ್ನೂ ‘ನಿನ್ನ ಲೇಖಕರ ಕಂತೆಯಲ್ಲಿ ನೀನೇ ಮೊದಲನೆಯದಾ?’ ಎಂದು ಕೇಳು. ಹೌದಾದರೆ ಶೀರ್ಷಿಕೆ ಹಾಕಿ ಉಳಿದವನ್ನು ಅದರ ಕೆಳಗೆ ಜೋಡಿಸು. ‘ಮ್ಯೂಂಚಿಯನ್ ವಿಧಾನ’ ಎಂದೇ ಇದು ಹೆಸರಾಯಿತು.

ಈ ಸಾಲಿನಲ್ಲಿ ಹಿರಿಯದು ಮೈಕೆಲ್ ಕೇ ಅವರ ‘ಎಕ್ಸ್‌ಎಸ್‌ಎಲ್‌ಟಿ ಪ್ರೋಗ್ರಾಮರ್ಸ್ ರೆಫರೆನ್ಸ್’ (2000). ಸ್ಯಾಕ್ಸನ್ ಎಂಬ ತಂತ್ರಾಂಶ ಕಟ್ಟಿದವರೂ, ಮುಂದೆ 2.0 ಮಾನಕದ ಸಂಪಾದಕರಾದವರೂ ಅವರೇ. ಹಾಗಾಗಿ ನಿಯಮ ಹೀಗೇಕಿದೆ ಎಂಬುದನ್ನೂ ಬಿಡಿಸಿ ಹೇಳಬಲ್ಲರು. ಹೊಸಬರಿಗೆ ಜೆನಿ ಟೆನಿಸನ್ ಅವರ ‘ಬಿಗಿನಿಂಗ್ ಎಕ್ಸ್‌ಎಸ್‌ಎಲ್‌ಟಿ’ (2002) ಹೆಚ್ಚು ಹಿತ. ಟಿವಿ ಕಾರ್ಯಕ್ರಮಗಳ ಪಟ್ಟಿಯೊಂದನ್ನೇ ಅಧ್ಯಾಯದಿಂದ ಅಧ್ಯಾಯಕ್ಕೆ ಬೆಳೆಸುತ್ತ ಹೋಗುತ್ತದೆ. ಸಾಲ್ ಮಂಗಾನೊ ಅವರ ‘ಎಕ್ಸ್‌ಎಸ್‌ಎಲ್‌ಟಿ ಕುಕ್‌ಬುಕ್’ ಕೆಲಸದ ನಡುವೆ ತೆರೆದು ನೋಡುವಂಥದ್ದು. ಅದನ್ನು ಹೊರತಂದ ಓರೈಲಿಯ ಪ್ರಕಟಣೆಗಳನ್ನು ಶ್ರಾಫ್ ಪಬ್ಲಿಷರ್ಸ್ ಭಾರತದಲ್ಲಿ ಮರುಮುದ್ರಿಸಿದ್ದರಿಂದ ಇಲ್ಲಿನವರಿಗೂ ಕೈಗೆಟುಕುವ ಬೆಲೆಗೆ ಸಿಕ್ಕವು.

ಕೇ ಅವರ ಪುಸ್ತಕ ಹೊರತಂದಿದ್ದ ರಾಕ್ಸ್ ಪ್ರಕಾಶನ 2003ರಲ್ಲಿ ಮುಳುಗಿ ವೈಲಿ ಎಂಬ ಪ್ರಕಾಶಕರ ಪಾಲಾಯಿತು. 2007ರಲ್ಲಿ ಬಂದ 2.0 ಮಾನಕ ಗುಂಪು ಮಾಡಲು ಆಜ್ಞೆಯೊಂದನ್ನೇ ಕೊಟ್ಟಿತು. ಪುಟಗಟ್ಟಲೆ ವಿವರಿಸಿದ್ದ ಮ್ಯೂಂಚ್ ಉಪಾಯ ಅಲ್ಲಿಗೆ ಒಂದೇ ಸಾಲಿಗೆ ಇಳಿಯಿತು. ಕೇ ಅವರ ನಾಲ್ಕನೆಯ ಆವೃತ್ತಿ 2008ರಲ್ಲಿ 1300ಕ್ಕೂ ಹೆಚ್ಚು ಪುಟಗಳಿಗೆ ಬೆಳೆದು ನಿಂತಿತು. ಅಷ್ಟರಲ್ಲಿ ದತ್ತಾಂಶ ವಿನಿಮಯದಲ್ಲಿ ಜೇಸನ್ ಎಂಬ ಇನ್ನೊಂದು ವಿನ್ಯಾಸ ಮುಂದೆ ಬರುತ್ತಿತ್ತು. 2017ರ 3.0 ಮಾನಕಕ್ಕೆ ಕೇ ಅವರ ಗ್ರಂಥದ ಐದನೆಯ ಆವೃತ್ತಿ ಬರಲಿಲ್ಲ. ಬ್ರೌಸರ್‌ಗಳು ಮಾತ್ರ 1.0ರಿಂದ ಮೇಲೇಳಲೇ ಇಲ್ಲ. ಅವುಗಳಿಗಾಗಿ ಬರೆಯುವವರಿಗೆ ಮ್ಯೂಂಚ್ ವಿಧಾನವೇ ಗತಿಯಾಯಿತು.