ಬಣ್ಣದ ಪೆನ್ಸಿಲ್ಲೂ ನಮ್ಮ ಸೀಮೆ ಬಿಸಿಲೂ

ದೊಡ್ಡವರೂ ಹವ್ಯಾಸಕ್ಕೆ ಅಂತ ಕೂತು ಚಿತ್ರಕ್ಕೆ ಬಣ್ಣ ತುಂಬುವ ಕಾಲ ಇದು. ಹಾಗೆ ಶುರು ಮಾಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ... ಪುಸ್ತಕದಂಗಡಿಯ ಹನ್ನೆರಡರ ಮಾಮೂಲಿ ಡಬ್ಬಿ ಸಾಕಾ, ಇಲ್ಲ ಒಂದೊಂದು ಪೆನ್ಸಿಲ್ಲಿಗೇ ಆ ಡಬ್ಬಿಯಷ್ಟು ದುಡ್ಡು ಕೇಳುವ 'ಆರ್ಟಿಸ್ಟ್ ಗ್ರೇಡ್' ಬೇಕಾ? ನಾಲ್ಕು ಬ್ರ್ಯಾಂಡ್ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಈ ವ್ಯತ್ಯಾಸದ ಹಿಂದೆ ಒಂದು ಇತಿಹಾಸ ಇದೆ. ಅದರ ಒಂದು ತುದಿ ನಮ್ಮ ಶಿರಾ ಸೀಮೆಯಲ್ಲೇ ಇದೆ!

ಮೊದಲು ಕಪ್ಪು ಪೆನ್ಸಿಲ್. 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ, ಮಡಕೆ ಸುಟ್ಟ ಹಾಗೆ ಸುಟ್ಟು ಕಡ್ಡಿ ಮಾಡಿದ. ಬಣ್ಣದ ಪೆನ್ಸಿಲ್ಲಿಗೆ ಈ ಉಪಾಯ ನಡೆಯೋದಿಲ್ಲ. ಅದರ ಕಡ್ಡಿಯಲ್ಲಿ ಮೇಣ ಅಥವಾ ಎಣ್ಣೆ, ಅಂಟು, ಬಿಳಿ ಮಣ್ಣಿನಂಥ ಪುಡಿ, ಜೊತೆಗೆ ಬಣ್ಣ ಇರುತ್ತೆ. ಸುಟ್ಟರೆ ಎಲ್ಲ ಹೋಯ್ತು. ಹಾಗಾಗಿ ಒಣಗಿಸುತ್ತಾರೆ ಅಷ್ಟೇ.

ಹೆಚ್ಚು ಕಡಿಮೆ ಆಗೋದು ಇಲ್ಲೇ. ಅಗ್ಗದ ಕಡ್ಡಿಯಲ್ಲಿ ಪುಡಿ ಜಾಸ್ತಿ, ಬಣ್ಣ ಕಡಿಮೆ. ಎಷ್ಟು ತಿಕ್ಕಿದರೂ ತೆಳುವಾಗಿ ಬರುತ್ತೆ, ಒಂದರ ಮೇಲೊಂದು ಪದರ ಕೂರೋದಿಲ್ಲ. ದುಬಾರಿಯದರಲ್ಲಿ ಬಣ್ಣ ಜಾಸ್ತಿ. ಜರ್ಮನಿಯ ಫೇಬರ್-ಕ್ಯಾಸ್ಟೆಲ್ 1908ರಲ್ಲಿ 'ಪಾಲಿಕ್ರೋಮೋಸ್' ತಂದಾಗ, 1938ರಲ್ಲಿ ಅಮೆರಿಕದಲ್ಲಿ 'ಪ್ರಿಸ್ಮಾಕಲರ್' ಬಂದಾಗ, ಕಣ್ಣಿದ್ದದ್ದು ಕಲಾವಿದರ ಮೇಲೆ. ನಮ್ಮಲ್ಲಿ 1931ರಲ್ಲಿ ಶುರುವಾದ ಕ್ಯಾಮ್ಲಿನ್, 1958ರಲ್ಲಿ ಬಂದ, ನಟರಾಜ್ ಪೆನ್ಸಿಲ್ ಮಾಡುವ ಹಿಂದುಸ್ತಾನ್ ಪೆನ್ಸಿಲ್ಸ್ ಬೆಳೆದದ್ದು ಶಾಲೆ ಮಕ್ಕಳ ಚೀಲದಲ್ಲಿ. ಮಗುವಿನ ಪೆನ್ಸಿಲ್ ಅಗ್ಗವಾಗಿರಬೇಕು, ಬಿದ್ದರೆ ಮುರಿಯಬಾರದು, ಬಾಯಿಗಿಟ್ಟರೂ ಅಪಾಯ ಇರಬಾರದು. ನೂರು ವರ್ಷ ಬಾಳಬೇಕು ಅಂತ ಯಾರೂ ಕೇಳಲಿಲ್ಲ. ಅಂದರೆ ಅಗ್ಗದ ಪೆನ್ಸಿಲ್ ಅಂದರೆ ಕೆಟ್ಟ ಪೆನ್ಸಿಲ್ ಅಲ್ಲ, ಅದರ ಕೆಲಸವೇ ಬೇರೆ.

ಬಾಳಿಕೆ ವಿಷಯಕ್ಕೆ ಬರೋಣ. 1856ರಲ್ಲಿ ಪರ್ಕಿನ್ ಎಂಬ ಹುಡುಗ ಟಾರಿನಿಂದ ನೇರಳೆ ಬಣ್ಣ ಮಾಡಿದ ಮೇಲೆ ಜಗತ್ತಿಗೆ ಅಗ್ಗದ ಹೊಳೆಯುವ ಬಣ್ಣಗಳು ಸಾಲುಸಾಲಾಗಿ ಬಂದವು. ಅವುಗಳಲ್ಲಿ ಎಷ್ಟೋ ಬೆಳಕಿಗೆ ನಿಲ್ಲುತ್ತಿರಲಿಲ್ಲ. ವ್ಯಾನ್ ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರದಲ್ಲಿ ಗೋಡೆ ಮೊದಲು ನೇರಳೆ ಇತ್ತು. ಅದರೊಳಗಿನ ಕೆಂಪು ಮಾಸಿ ಈಗ ನಾವು ನೋಡೋದು ನೀಲಿ ಗೋಡೆ! ಬೆಳಕು, ಅದರಲ್ಲೂ ಅತಿನೇರಳೆ ಕಿರಣ, ಬಣ್ಣದ ಅಣುವನ್ನೇ ಒಡೆಯುತ್ತೆ. ಒಡೆದ ಅಣುವಿಗೆ ಬಣ್ಣ ಇರೋದಿಲ್ಲ.

ಈಗ ನಮ್ಮ ಕಡೆ ಬನ್ನಿ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿ ಸೀಬಿ ಸಿಗುತ್ತೆ. ಟಿಪ್ಪು ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನವರ ಮಕ್ಕಳು ನಲ್ಲಪ್ಪ, ಲಕ್ಷ್ಮೀನರಸಪ್ಪ, ಪುಟ್ಟಣ್ಣ ಕಟ್ಟಿಸಿದ ನರಸಿಂಹಸ್ವಾಮಿ ದೇವಸ್ಥಾನ. ಒಳಗೆ ಹೋದರೆ ತಲೆ ಎತ್ತಿ ಚಾವಣಿ ನೋಡಿ. ಪುರಾಣದ ಕಥೆಗಳು, ಆಸ್ಥಾನದ ದೃಶ್ಯಗಳು. ಸುಮಾರು ಇನ್ನೂರು ವರ್ಷದಿಂದ ಇವೆ. ಪಾವಗಡ, ಮಧುಗಿರಿ ಕಡೆಯಿಂದ ಗಡಿ ದಾಟಿದರೆ ಲೇಪಾಕ್ಷಿ. ಅಲ್ಲಿನ ವಿಜಯನಗರ ಕಾಲದ ಚಾವಣಿ ಚಿತ್ರಗಳು ಹದಿನಾರನೇ ಶತಮಾನದವು. ಅಲ್ಲಿ ಕಣ್ಣಿಗೆ ಹೊಡೆಯೋದು ಕೆಂಪು, ಹಳದಿ, ಕಂದು, ಅಂದರೆ ಮಣ್ಣಿನ ಬಣ್ಣಗಳೇ.

ಇವು ಉಳಿದದ್ದಕ್ಕೆ ಒಂದು ಕಾರಣ ನೆರಳು. ನೇರ ಬಿಸಿಲು ಚಾವಣಿಗೆ ಬೀಳೋದಿಲ್ಲ. ಇನ್ನೊಂದು ಬಣ್ಣದ ಜಾತಿ. ಕೆಮ್ಮಣ್ಣಿನ ಕೆಂಪು ಅಂದರೆ ಕಬ್ಬಿಣದ ತುಕ್ಕು. ಅದಾಗಲೇ ತುಕ್ಕು, ಬೆಳಕು ಇನ್ನೇನು ಮಾಡುತ್ತೆ ಅದಕ್ಕೆ? ಕಾಡಿಗೆಯ ಕಪ್ಪೂ ಅಷ್ಟೇ. ತಮಾಷೆ ಏನಪ್ಪಾ ಅಂದರೆ, ಅತಿ ಹೆಚ್ಚು ಬಾಳುವ ಬಣ್ಣಗಳೇ ಅತಿ ಅಗ್ಗದವು, ಕಾಲಡಿಯಲ್ಲಿ ಬಿದ್ದಿರುವಂಥವು! ಹಾಗಾಗಿ ಕಂದು, ಮಣ್ಣು ಹಳದಿ, ಕಪ್ಪು ಸಾಮಾನ್ಯವಾಗಿ ಅಗ್ಗದ ಡಬ್ಬಿಯಲ್ಲೂ ಗಟ್ಟಿ. ಮೊದಲು ಕೈಕೊಡೋದು ಗುಲಾಬಿ, ನೇರಳೆ. ಹುಲಿಕುಂಟೆಯ ಮನೆಯಲ್ಲಿ ಕಿಟಕಿ ಎದುರಿನ ಗೋಡೆಗೆ ಅಂಟಿಸಿದ್ದ ಒಂದು ಮಗುವಿನ ಚಿತ್ರದಲ್ಲಿ ಬೆಟ್ಟ, ಮರದ ಕಾಂಡ ಹಾಗೇ ಇದ್ದವು. ಹೂವು ಮಾತ್ರ ಬಿಳಿಚಿಕೊಂಡಿದ್ದವು. ಹಾಗಂತ ದುಬಾರಿ ಡಬ್ಬಿಗಳ ಗುಲಾಬಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಪೆನ್ಸಿಲ್ ಬಣ್ಣ ಬೆಳಕಿಗೆ ಎಷ್ಟು ನಿಲ್ಲುತ್ತೆ ಅಂತ ಅಳೆಯೋಕೆ ಅಮೆರಿಕದ ಎಎಸ್‌ಟಿಎಮ್ ಸಂಸ್ಥೆಯ ಡಿ-6901 ಎಂಬ ಮಾನದಂಡವೇ ಇದೆ. ಸ್ವಿಟ್ಜರ್ಲೆಂಡಿನ ಕಾರನ್ ದಾಶ್ 'ಲ್ಯೂಮಿನೆನ್ಸ್ 6901' ಅಂತ ಹೆಸರಿಟ್ಟದ್ದು ಅದರಿಂದಲೇ.

ನಮ್ಮ ಸೀಮೆಯ ಬಿಸಿಲಂತೂ ಗೊತ್ತಲ್ಲ. ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಕೂತಿರೋದು ಅದನ್ನೇ ನಂಬಿ. ಊರಿಗೆಲ್ಲ ಕರೆಂಟು ಕೊಡುವ ಬಿಸಿಲು ಒಂದು ಗುಲಾಬಿ ಗೀರನ್ನು ಬಿಟ್ಟೀತೇ? :)

ಹಾಗಾದರೆ ಏನು ಕೊಳ್ಳೋದು? ಬಣ್ಣ ತುಂಬುವ ಪುಸ್ತಕಕ್ಕೆ ಮಾಮೂಲಿ ಡಬ್ಬಿ ಸಾಕು. ಮುಚ್ಚಿದ ಪುಸ್ತಕದೊಳಗೆ ಕತ್ತಲು, ಸೀಬಿಯ ಚಾವಣಿಗಿಂತ ಕತ್ತಲು. ಮಕ್ಕಳಿಗೂ ಅದೇ ಕೊಡಿಸಿ, ಧಾರಾಳವಾಗಿ ಗೀಚಲಿ. ದುಬಾರಿ ಪೆನ್ಸಿಲ್ ಕೊಟ್ಟು "ಹಾಳು ಮಾಡಬೇಡ" ಅಂತ ಹೆದರಿಸೋದಕ್ಕಿಂತ ಅದೇ ಒಳ್ಳೇದು. ಗೋಡೆಗೆ ಹಾಕುವ, ಯಾರಿಗೋ ಉಡುಗೊರೆ ಕೊಡುವ ಚಿತ್ರವಾದರೆ ಮಾತ್ರ ಕೈ ಬಿಚ್ಚಿ. ಆಗಲೂ ಇಡೀ ಡಬ್ಬಿ ಬೇಕಿಲ್ಲ. ಬಿಡಿಯಾಗಿ ಸಿಕ್ಕರೆ ಗುಲಾಬಿ, ನೇರಳೆ, ಕೆಂಪು ಒಳ್ಳೆಯವು ತನ್ನಿ, ಕಂದು, ಕಪ್ಪು ಇರೋದನ್ನೇ ಬಳಸಿ.

ಅನುಮಾನ ಇದ್ದರೆ ಪರೀಕ್ಷೆ ಸುಲಭ. ಕಾಗದದ ಮೇಲೆ ಎಲ್ಲ ಬಣ್ಣದ ಒಂದೊಂದು ಪಟ್ಟಿ ಎಳೆದು, ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಬೇಸಿಗೆ ಪೂರ್ತಿ ಬಿಡಿ. ಆಮೇಲೆ ರಟ್ಟು ತೆಗೆದು ನೋಡಿ, ಯಾವ ಕಂಪನಿಯ ಜಾಹೀರಾತೂ ಬೇಕಾಗಲ್ಲ.

ನಿಮ್ಮೂರ ಕಡೆಯೂ ಹೀಗೆ ಉಳಿದ ಹಳೇ ಚಿತ್ರಗಳಿದ್ದರೆ ತಿಳಿಸಿ, ಹೋಗಿ ನೋಡಿ ಬರೋಣ.