ಪೆಟಲ್: ಆಕ್ರಮಿತ ಜಪಾನಿನ ಒಂದು ಕಿರುಕ್ಯಾಮೆರಾ

ಹಳೆಯ ವಸ್ತುವೊಂದರ ಕಾಲನಿರ್ಣಯಕ್ಕೆ ತೊಡಗುವವರು ಮೊದಲು ಹುಡುಕುವುದು ಅದರ ಮೇಲಿನ ಬರಹವನ್ನು. ನಾಣ್ಯವಾಗಲಿ, ತಾಮ್ರಪಟವಾಗಲಿ, ವಿಗ್ರಹದ ಪೀಠವಾಗಲಿ, ಅದರಲ್ಲಿ ನಾಲ್ಕು ಅಕ್ಷರಗಳಿದ್ದರೂ ಊಹೆಗೆ ಕಡಿವಾಣ ಬೀಳುತ್ತದೆ. ಈ ಕ್ರಮ ಪ್ರಾಚೀನ ಅವಶೇಷಗಳಿಗೆ ಮಾತ್ರ ಸೀಮಿತವಾದುದಲ್ಲ. ಇಪ್ಪತ್ತನೆಯ ಶತಮಾನದ ಕಾರ್ಖಾನೆಯ ವಸ್ತುವಿಗೂ ಅದು ಅನ್ವಯಿಸುತ್ತದೆ. ಜಪಾನಿನ ‘ಪೆಟಲ್’ ಎಂಬ ಅತಿ ಸಣ್ಣ ಕ್ಯಾಮೆರಾ ಇದಕ್ಕೆ ಒಳ್ಳೆಯ ನಿದರ್ಶನ. ಇದನ್ನು ಗೂಢಚಾರರ ಕ್ಯಾಮೆರಾ ಎಂದು ಕರೆಯುವ ರೂಢಿ ವ್ಯಾಪಾರಿಗಳಲ್ಲಿಯೂ ಸಂಗ್ರಾಹಕರಲ್ಲಿಯೂ ಬಹುಕಾಲದಿಂದ ಬೆಳೆದುಬಂದಿದೆ. ಆದರೆ ಅದರ ರಚನೆಯೂ ಅದರ ಲೋಹದ ಮೈಮೇಲಿನ ಬರಹವೂ ಬೇರೆಯದೇ ಕಥೆಯನ್ನು ಹೇಳುತ್ತವೆ.

ಪೆಟಲ್ ಕ್ಯಾಮೆರಾದ ವ್ಯಾಸ 2.9 ಸೆಂಟಿಮೀಟರ್, ದಪ್ಪ 1.65 ಸೆಂಟಿಮೀಟರ್. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ವ್ಯಾಸ ಸುಮಾರು ಮೂರು ಸೆಂಟಿಮೀಟರ್ ಇತ್ತು. ಅದಕ್ಕಿಂತಲೂ ಕೊಂಚ ಕಿರಿದಾದ ಈ ಡಬ್ಬಿಯೊಳಗೆ ಮಸೂರ, ಶಟರ್, ಫಿಲ್ಮ್ ಎಲ್ಲವೂ ಅಡಗಿವೆ. ವೈದ್ಯಕೀಯ ಶಸ್ತ್ರಕ್ರಿಯೆಗೂ ಗೂಢಚರ್ಯೆಗೂ ವಿಶೇಷವಾಗಿ ನಿರ್ಮಿಸಿದವನ್ನು ಬಿಟ್ಟರೆ, ಮಾರುಕಟ್ಟೆಗೆ ಬಂದ ಕ್ಯಾಮೆರಾಗಳಲ್ಲಿ ಅತ್ಯಂತ ಚಿಕ್ಕದು ಇದೇ ಎಂದು ಗಿನ್ನೆಸ್ ದಾಖಲೆಗಳ ಪುಸ್ತಕ ಹಲವು ವರ್ಷ ನಮೂದಿಸಿತ್ತು. ಆ ನಮೂದಿನಲ್ಲಿಯೇ ಗೂಢಚರ್ಯೆಯ ಕ್ಯಾಮೆರಾಗಳನ್ನು ಬೇರೆ ವರ್ಗವೆಂದು ಹೊರಗಿಟ್ಟಿರುವುದು ಗಮನಾರ್ಹ. ಪೆಟಲ್ ವೃತ್ತಾಕಾರದಲ್ಲಿಯೂ ಅಷ್ಟಕೋನಾಕಾರದಲ್ಲಿಯೂ ದೊರೆಯುತ್ತದೆ. ಎರಡೂ 1948ರ ಆಸುಪಾಸಿನವು.

ಇದರ ಒಳರಚನೆ ಸರಳವಾದುದು. ಸಾಮಾನ್ಯ ಕ್ಯಾಮೆರಾದಲ್ಲಿರುವಂತೆ ಸುರುಳಿ ಫಿಲ್ಮ್ ಇದರಲ್ಲಿಲ್ಲ. ಸುಮಾರು ಎರಡೂವರೆ ಸೆಂಟಿಮೀಟರ್ ವ್ಯಾಸದ ಒಂದು ಬಿಲ್ಲೆಯಾಕಾರದ ಫಿಲ್ಮನ್ನು ಕತ್ತಲಲ್ಲಿ ಒಳಗಿಡಬೇಕು. ಮಸೂರವು ಬಿಲ್ಲೆಯ ಅಂಚಿನ ಒಂದು ಭಾಗದ ಮೇಲೆ ಮಾತ್ರ ಬೆಳಕನ್ನು ಬೀಳಿಸುತ್ತದೆ. ಒಂದು ಚಿತ್ರವಾದ ಮೇಲೆ ಬಿಲ್ಲೆಯನ್ನು ಕೈಯಿಂದ ತಿರುಗಿಸಿದರೆ ಮುಂದಿನ ಭಾಗ ಮಸೂರದ ಹಿಂದೆ ಬರುತ್ತದೆ. ಹೀಗೆ ಒಂದು ಸುತ್ತಿಗೆ ಆರು ಚಿತ್ರಗಳು. ಸಂಸ್ಕರಿಸಿದ ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ, ಆರು ದುಂಡು ಚಿತ್ರಗಳು ನಡುವಿನ ಬಿಂದುವಿನ ಸುತ್ತ ಹೂವಿನ ಎಸಳುಗಳಂತೆ ನಿಂತಿರುತ್ತವೆ. ಎಸಳು ಎಂಬ ಅರ್ಥದ ಹೆಸರು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಈ ತಂತ್ರ ಜಪಾನಿನಲ್ಲಿ ಹುಟ್ಟಿದ್ದಲ್ಲ. ನ್ಯೂಯಾರ್ಕಿನ ರಾಬರ್ಟ್ ಗ್ರೇ ರೂಪಿಸಿದ, ಜರ್ಮನಿಯ ಸ್ಟಿರ್ನ್ ಸಂಸ್ಥೆ 1886ರಿಂದ ತಯಾರಿಸಿ ಮಾರಿದ ‘ವೆಸ್ಟ್ ಕ್ಯಾಮೆರಾ’ದಲ್ಲಿಯೂ ಇದೇ ಕ್ರಮವಿತ್ತು. ತಟ್ಟೆಯಂತೆ ಚಪ್ಪಟೆಯಾದ ಆ ಕ್ಯಾಮೆರಾವನ್ನು ವೇಸ್ಟ್‌ಕೋಟಿನ ಒಳಗೆ ತೊಟ್ಟು, ಗುಂಡಿಯ ತೂತಿನಿಂದ ಮಸೂರವನ್ನು ಹೊರಗೆ ಇಣುಕಿಸುತ್ತಿದ್ದರು. ದುಂಡು ಗಾಜಿನ ಫಲಕವನ್ನು ತಿರುಗಿಸಿ ಆರು ಚಿತ್ರ ತೆಗೆಯಬಹುದಾಗಿತ್ತು. ಕೊಂಡವರಲ್ಲಿ ಹೆಚ್ಚಿನವರು ಪತ್ತೆದಾರರಲ್ಲ, ಹವ್ಯಾಸಿಗಳು. ಆದರೂ ಆ ಕಾಲದ ವ್ಯಾಪಾರಿಗಳು ಬಚ್ಚಿಡಬಹುದಾದ, ಕೈಯಲ್ಲಿ ಹಿಡಿದೊಯ್ಯಬಹುದಾದ ಕ್ಯಾಮೆರಾಗಳನ್ನೆಲ್ಲ ‘ಡಿಟೆಕ್ಟಿವ್ ಕ್ಯಾಮೆರಾ’ ಎಂದೇ ಕರೆಯುತ್ತಿದ್ದರು. ಸಣ್ಣ ಕ್ಯಾಮೆರಾಕ್ಕೆ ರಹಸ್ಯದ ಬಣ್ಣ ಹಚ್ಚುವ ಪದ್ಧತಿಯ ಮೂಲ ಹತ್ತೊಂಬತ್ತನೆಯ ಶತಮಾನದ ಈ ಜಾಹೀರಾತುಗಳಲ್ಲಿದೆ. ಮುಂದೆ ಸಿನಿಮಾ ಅದನ್ನು ಇನ್ನಷ್ಟು ಬೆಳೆಸಿತು. 1953ರ ‘ರೋಮನ್ ಹಾಲಿಡೇ’ ಚಿತ್ರದಲ್ಲಿ ಛಾಯಾಗ್ರಾಹಕನೊಬ್ಬ ಸಿಗರೇಟ್ ಲೈಟರಿನಲ್ಲಿ ಅಡಗಿದ ಕ್ಯಾಮೆರಾದಿಂದ ರಾಜಕುಮಾರಿಯ ಚಿತ್ರ ತೆಗೆಯುವ ದೃಶ್ಯ ಜಗತ್ತಿನಾದ್ಯಂತ ಜನಪ್ರಿಯವಾಯಿತು.

ಪೆಟಲ್ ನಿಜಕ್ಕೂ ಗೂಢಚರ್ಯೆಗೆ ಒದಗುತ್ತಿತ್ತೇ ಎಂಬುದನ್ನು ಹೋಲಿಕೆಯಿಂದ ತಿಳಿಯಬಹುದು. ಗೂಢಚಾರರು ವಾಸ್ತವವಾಗಿ ಬಳಸಿದ ಮಿನಾಕ್ಸ್ ಕ್ಯಾಮೆರಾವನ್ನು ವಾಲ್ಟರ್ ಜಾಪ್ ವಿನ್ಯಾಸಗೊಳಿಸಿದನು. 1938ರಲ್ಲಿ ಲಾಟ್ವಿಯಾದ ರೀಗಾ ನಗರದಲ್ಲಿ ಅದರ ತಯಾರಿಕೆ ಆರಂಭವಾಯಿತು. ಅದರಲ್ಲಿ ಒಂದು ಸಲ ಫಿಲ್ಮ್ ಹಾಕಿದರೆ 50 ಚಿತ್ರಗಳನ್ನು ತೆಗೆಯಬಹುದಿತ್ತು. ಮಸೂರವನ್ನು 20 ಸೆಂಟಿಮೀಟರ್ ದೂರದವರೆಗೂ ಹೊಂದಿಸಬಹುದಾದ್ದರಿಂದ ಕಾಗದಪತ್ರಗಳ ಪ್ರತಿ ತೆಗೆಯುವುದು ಸಾಧ್ಯವಿತ್ತು. ಪೆಟಲ್‌ನಲ್ಲಿ ದೂರಕ್ಕೆ ಹೊಂದಿಸುವ ವ್ಯವಸ್ಥೆಯೇ ಇಲ್ಲ. ಚಿತ್ರದ ವ್ಯಾಸ ಸುಮಾರು 6 ಮಿಲಿಮೀಟರ್. ಮಿನಾಕ್ಸಿನ 8×11 ಮಿಲಿಮೀಟರ್ ಚೌಕಟ್ಟಿನ ಮೂರನೆಯ ಒಂದು ಭಾಗ, 35 ಮಿಲಿಮೀಟರ್ ಕ್ಯಾಮೆರಾದ ಚೌಕಟ್ಟಿನ ಸುಮಾರು ಮೂವತ್ತನೆಯ ಒಂದು ಭಾಗ! ಇಷ್ಟು ಕಿರಿದಾದ ಚಿತ್ರವನ್ನು ಅಂಗೈಯಗಲಕ್ಕೆ ಹಿಗ್ಗಿಸಿದರೆ ಫಿಲ್ಮಿನ ಕಣಗಳೇ ಎದ್ದು ಕಾಣುತ್ತವೆ. ಆರು ಚಿತ್ರವಾದ ಮೇಲೆ ಮತ್ತೆ ಕತ್ತಲ ಕೋಣೆಯನ್ನು ಹುಡುಕಬೇಕು. ಪೆಟಲ್ ಸೋಜಿಗದ ವಸ್ತುವೇ ಹೊರತು ರಹಸ್ಯ ಕಾರ್ಯದ ಸಾಧನವಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಇದು ಹುಟ್ಟಿದ್ದು ಯಾವ ಅಗತ್ಯದಿಂದ? ಇಲ್ಲಿ ಬರಹ ನೆರವಿಗೆ ಬರುತ್ತದೆ. ಪೆಟಲ್‌ನ ಮೈಮೇಲೆ ಇಂಗ್ಲಿಷಿನಲ್ಲಿ ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂಬ ಅರ್ಥದ ಒಕ್ಕಣೆಯಿದೆ. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾದ ಬಳಿಕ, ಜನರಲ್ ಮೆಕಾರ್ಥರ್ ನೇತೃತ್ವದ ಮಿತ್ರರಾಷ್ಟ್ರಗಳ ಆಡಳಿತ ಆ ದೇಶದ ಮೇಲೆ ಸ್ಥಾಪಿತವಾಯಿತು. ನಗರಗಳು ಸುಟ್ಟಿದ್ದವು, ಆಹಾರ ಸಾಲದಾಗಿತ್ತು, ಅದನ್ನು ಹೊರಗಿನಿಂದ ತರಿಸಲು ಡಾಲರುಗಳಿರಲಿಲ್ಲ. ರಫ್ತು ಮಾಡದೆ ಬೇರೆ ದಾರಿಯಿರಲಿಲ್ಲ. ಖಾಸಗಿ ವಿದೇಶಿ ವ್ಯಾಪಾರಕ್ಕೆ ಮಿತವಾದ ಅನುಮತಿ ದೊರೆತದ್ದು 1947ರ ಆಗಸ್ಟ್ 15ರಂದು. ಭಾರತ ಸ್ವತಂತ್ರವಾದ ದಿನವೇ, ಪರಾಧೀನವಾಗಿದ್ದ ಜಪಾನ್ ತನ್ನ ಸರಕನ್ನು ಹೊರಗೆ ಮಾರಲು ಮತ್ತೆ ಬಾಗಿಲು ತೆರೆಯಿತು. ಆದರೆ ಹೊರಹೋಗುವ ಸರಕಿನ ಮೇಲೆ ‘ಆಕ್ರಮಿತ’ ಎಂಬ ಗುರುತು ಇರಲೇಬೇಕೆಂಬ ಕಟ್ಟಳೆ ಅದೇ ವರ್ಷ ಜಾರಿಯಲ್ಲಿತ್ತು. 1949ರ ಕೊನೆಯಲ್ಲಿ ಅದು ಸಡಿಲವಾಯಿತು. 1952ರ ಏಪ್ರಿಲ್ 28ರಂದು ಶಾಂತಿ ಒಪ್ಪಂದ ಜಾರಿಗೆ ಬಂದು ಆಕ್ರಮಣದ ಆಡಳಿತವೇ ಕೊನೆಗೊಂಡಿತು. ಆದ್ದರಿಂದ ಆ ಒಕ್ಕಣೆ ಹೊತ್ತ ವಸ್ತು ಈ ಐದಾರು ವರ್ಷಗಳದ್ದೆಂದು ನಿಸ್ಸಂಶಯವಾಗಿ ಹೇಳಬಹುದು.

ಅದೇ ಗುರುತು ಪಿಂಗಾಣಿ ಗೊಂಬೆಗಳ ಮೇಲೆ, ಚಹಾ ಬಟ್ಟಲುಗಳ ಮೇಲೆ, ತಗಡಿನ ಆಟಿಕೆಗಳ ಮೇಲೆ ಇತ್ತು; ಯುದ್ಧಕಾಲದಲ್ಲಿ ಸೇನೆಗೆ ದೃಗುಪಕರಣಗಳನ್ನು ಒದಗಿಸಿದ್ದ ನಿಪ್ಪಾನ್ ಕೋಗಾಕು ಸಂಸ್ಥೆಯ ಆರಂಭದ ನಿಕಾನ್ ಕ್ಯಾಮೆರಾಗಳ ಮೇಲೂ ಇತ್ತು. ಕಿರುಕ್ಯಾಮೆರಾಗಳು ಈ ಎರಡರ ನಡುವಿನವು. ಯುದ್ಧಕ್ಕೆ ಮೊದಲೇ, 1937ರ ಸುಮಾರಿಗೆ, ಮಿಸುಜು ಸಂಸ್ಥೆಯ ‘ಮಿಡ್ಜೆಟ್’ ಕ್ಯಾಮೆರಾ 17.5 ಮಿಲಿಮೀಟರ್ ಅಗಲದ, ಅಂದರೆ 35 ಮಿಲಿಮೀಟರ್ ಫಿಲ್ಮಿನ ಅರ್ಧದಷ್ಟು ಅಗಲದ ಸುರುಳಿಯಲ್ಲಿ ಹತ್ತು ಚಿತ್ರ ತೆಗೆಯುವ ಮಾದರಿಯನ್ನು ರೂಢಿಗೆ ತಂದಿತ್ತು. ಯುದ್ಧಾನಂತರ ಟೋಗೋಡೋ ಸಂಸ್ಥೆಯ ‘ಹಿಟ್’ ಮತ್ತು ಅದರ ಅನುಕರಣೆಗಳು ಲೆಕ್ಕವಿಲ್ಲದಷ್ಟು ಹೆಸರುಗಳಲ್ಲಿ ಹೊರಬಂದವು. ಇವುಗಳಿಗೆ ಬೇಕಾದ ಲೋಹ ಅಲ್ಪ, ಗಾಜು ಅಲ್ಪ, ಸಾಗಣೆಯ ತೂಕವೂ ಅಲ್ಪ. ಕೊರತೆಯ ನಾಡಿಗೆ ಕಿರಿದಾದ ಸರಕು ಅನುಕೂಲವೇ ಆಗಿತ್ತು. ಮನೆಗೆ ಮರಳುವ ಅಮೆರಿಕನ್ ಸೈನಿಕನ ಜೇಬಿಗೂ ಅದು ಸುಲಭವಾಗಿ ಹಿಡಿಸುತ್ತಿತ್ತು.

ಇವುಗಳಲ್ಲಿ ಪೆಟಲ್ ಮಾತ್ರ ವಿರಳವಾಗಿರುವುದಕ್ಕೆ ಕಾರಣ ಅದರ ಅತಿಶಯವೇ ಇರಬೇಕು. ‘ಹಿಟ್’ ಬಗೆಯ ಕ್ಯಾಮೆರಾಗಳಿಗೆ ಹಲವು ತಯಾರಕರು ಒಂದೇ ಅಳತೆಯ ಸುರುಳಿಯನ್ನು ಬಳಸುತ್ತಿದ್ದುದರಿಂದ ಫಿಲ್ಮ್ ದೊರೆಯುತ್ತಿತ್ತು. ಪೆಟಲ್‌ನ ಬಿಲ್ಲೆ ಬೇರೆ ಯಾವುದಕ್ಕೂ ಹೊಂದದು. ಅಂಥ ಬಿಲ್ಲೆ ಮುಗಿದರೆ ಕ್ಯಾಮೆರಾ ಪೆಟ್ಟಿಗೆಯ ಮೂಲೆ ಸೇರುವುದು, ಕ್ರಮೇಣ ಕಳೆದುಹೋಗುವುದು ಸಹಜ.

1950ರ ಹೊತ್ತಿಗೆ ಅಮೆರಿಕದ ಛಾಯಾಪತ್ರಕರ್ತ ಡೇವಿಡ್ ಡಗ್ಲಸ್ ಡಂಕನ್ ಜಪಾನಿನ ನಿಕ್ಕೋರ್ ಮಸೂರಗಳನ್ನು ಕೊರಿಯಾ ಯುದ್ಧದ ಚಿತ್ರಗಳಿಗೆ ಬಳಸಿದನು. ಆ ದೇಶದ ಕ್ಯಾಮೆರಾ ಉದ್ಯಮದ ಕೀರ್ತಿ ಅಲ್ಲಿಂದ ಹರಡಿತು. ಚರಿತ್ರೆಕಾರರು ಸಾಮಾನ್ಯವಾಗಿ ಆ ಯಶಸ್ಸಿನಿಂದಲೇ ಕಥೆ ಆರಂಭಿಸುತ್ತಾರೆ. ಅದಕ್ಕೆ ಎರಡು ವರ್ಷ ಮುಂಚೆ, ಹೆಸರಿನ ಜೊತೆಗೆ ಸೋಲಿನ ಗುರುತನ್ನೂ ಕೆತ್ತಿಕೊಂಡು ಮಾರುಕಟ್ಟೆಗೆ ಹೊರಟ ಪೆಟಲ್‌ಗೆ ಆ ಕಥೆಯಲ್ಲಿ ಸ್ಥಾನ ದೊರೆತಿಲ್ಲ. ಗೂಢಚಾರರ ಕ್ಯಾಮೆರಾ ಎಂಬ ಹೆಸರು ಅದಕ್ಕೆ ಗೌರವ ತರುವುದೆಂದು ಸಂಗ್ರಾಹಕರು ಭಾವಿಸಿದಂತಿದೆ. ವಾಸ್ತವದಲ್ಲಿ ಆ ಹೆಸರು ಅದನ್ನು ತಯಾರಿಸಿದವರನ್ನು ಮರೆಮಾಡುತ್ತದೆ. ಯುದ್ಧ ಮುಗಿದ ಮೂರೇ ವರ್ಷಗಳಲ್ಲಿ, ಕೊರತೆಯ ನಡುವೆ, ಬೆಳ್ಳಿ ರೂಪಾಯಿಗಿಂತ ಚಿಕ್ಕ ಡಬ್ಬಿಯಲ್ಲಿ ಚಿತ್ರ ಮೂಡಿಸುವ ಯಂತ್ರವನ್ನು ಜೋಡಿಸಿ ಅನ್ನ ದುಡಿದ ಆ ಕುಶಲಕರ್ಮಿಗಳ ಹೆಸರು ಅದರ ಮೇಲಿಲ್ಲ. ಅವರು ಬದುಕಿದ್ದ ಕಾಲದ ಗುರುತು ಮಾತ್ರ ಉಳಿದಿದೆ.