ರೈಲಿನ ಸದ್ದಿನಿಂದ ರೈಲನ್ನು ತೆಗೆಯಲಾದೀತೇ?

1924ರ ಡಿಸೆಂಬರ್ 14ರಂದು ರೋಮ್ ನಗರದಲ್ಲಿ ಒಟ್ಟೊರಿನೊ ರೆಸ್ಪಿಘಿಯವರ ‘ರೋಮಿನ ಪೈನ್ ಮರಗಳು’ ಎಂಬ ವಾದ್ಯಕೃತಿ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಮೂರನೆಯ ಭಾಗದ ಕೊನೆಯಲ್ಲಿ ಪಿಟೀಲುಗಳ ದನಿ ತಗ್ಗುತ್ತಿದ್ದಂತೆ ನೈಟಿಂಗೇಲ್ ಹಕ್ಕಿಯೊಂದು ಹಾಡಿತು. ಹಕ್ಕಿಯ ಕೂಗನ್ನು ಕೊಳಲಿನಲ್ಲಿ ನುಡಿಸುವುದು ಯುರೋಪಿನ ಸಂಗೀತಗಾರರಿಗೆ ಹಳೆಯ ಅಭ್ಯಾಸ. ರೆಸ್ಪಿಘಿ ಹಾಗೆ ಮಾಡಲಿಲ್ಲ. ವಾದ್ಯಗಾರರ ಜೊತೆಗೆ ಒಂದು ಗ್ರಾಮಫೋನ್ ಇರಿಸಿ, ನಿಜವಾದ ಹಕ್ಕಿಯಿಂದ ಧ್ವನಿಮುದ್ರಿಸಿದ ಪ್ಲೇಟನ್ನೇ ಹಾಕಿಸಿದರು. ಯಾವ ಪ್ಲೇಟು ಹಾಕಬೇಕೆಂಬುದನ್ನೂ ಸ್ವರಲಿಪಿಯಲ್ಲಿ ಬರೆದಿಟ್ಟಿದ್ದರು.

ಹಕ್ಕಿಯ ದನಿಯನ್ನು ಯಂತ್ರದಲ್ಲಿ ಹಿಡಿಯುವ ಕೆಲಸ ಅದಕ್ಕೂ ಮೂವತ್ತೈದು ವರ್ಷ ಹಿಂದೆಯೇ ಆರಂಭವಾಗಿತ್ತು. 1889ರಲ್ಲಿ ಜರ್ಮನಿಯ ಲುಡ್ವಿಗ್ ಕೋಖ್ ಎಂಬ ಬಾಲಕ ತಂದೆ ತಂದುಕೊಟ್ಟ ಯಂತ್ರದಲ್ಲಿ, ಮೇಣದ ಉರುಳೆಯ ಮೇಲೆ, ಮನೆಯ ಪಂಜರದ ಹಕ್ಕಿಯ ಹಾಡನ್ನು ದಾಖಲಿಸಿದ. ಇಂದು ಉಳಿದಿರುವ ಹಕ್ಕಿ ಹಾಡಿನ ಧ್ವನಿಮುದ್ರಣಗಳಲ್ಲಿ ಅದೇ ಮೊದಲನೆಯದು. ಆ ಹಕ್ಕಿ ಶಾಮಾ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಹಾಡುವ ಜಾತಿ ಅದು.

ರೆಸ್ಪಿಘಿಯವರ ಹಕ್ಕಿ ವಾದ್ಯವೃಂದಕ್ಕೆ ಬಂದ ಅತಿಥಿ. ಅದನ್ನು ಯಾರೂ ಕತ್ತರಿಸಲಿಲ್ಲ, ತಿರುಗುಮುರುಗು ಮಾಡಲಿಲ್ಲ. ಸದ್ದನ್ನೇ ಕಚ್ಚಾವಸ್ತುವಾಗಿ ಬಳಸಿ ಕಟ್ಟಬೇಕೆಂದರೆ ಅದು ಕತ್ತರಿಗೆ ಸಿಗಬೇಕು. ಬರ್ಲಿನ್ನಿನ ಚಿತ್ರನಿರ್ದೇಶಕ ವಾಲ್ಟರ್ ರುಟ್ಮನ್‌ಗೆ ಆ ದಾರಿ ಸಿನಿಮಾ ರೀಲಿನಲ್ಲಿ ಕಂಡಿತು. 1930ರಲ್ಲಿ ಅವರು ಗರಗಸ, ಟೈಪ್‌ರೈಟರ್, ಚರ್ಚಿನ ಗಂಟೆ, ಮಾತಿನ ತುಣುಕುಗಳನ್ನು ಸಿನಿಮಾದ ಧ್ವನಿಪಟ್ಟಿಯಲ್ಲಿ ಹಿಡಿದು, ಕತ್ತರಿಸಿ ಜೋಡಿಸಿ ‘ವೀಕೆಂಡ್’ ಎಂಬ ಹನ್ನೊಂದು ನಿಮಿಷದ ಕೃತಿ ಮಾಡಿದರು. ಅದು ಚಿತ್ರವಿಲ್ಲದ ಚಲನಚಿತ್ರ.

ಸಂಗೀತಗಾರನೊಬ್ಬ ತಾನೇ ಹೊರಗೆ ಹೋಗಿ ಸದ್ದು ತಂದು, ಅದನ್ನು ಕಡೆದು ಕೃತಿಯಾಗಿಸಿದ ಕಥೆಗೆ ಕೈರೋ ನಗರಕ್ಕೆ ಹೋಗಬೇಕು.

1944ರಲ್ಲಿ ಹಲೀಂ ಎಲ್-ದಬ್‌ಗೆ ಇಪ್ಪತ್ತಮೂರು ವರ್ಷ. ಓದುತ್ತಿದ್ದದ್ದು ಕೃಷಿ ಎಂಜಿನಿಯರಿಂಗ್, ಮನಸ್ಸಿದ್ದದ್ದು ಪಿಯಾನೋದಲ್ಲಿ. ಕೈರೋ ರೇಡಿಯೋ ಕೇಂದ್ರದಿಂದ ಅವರು ಒಂದು ತಂತಿ ರೆಕಾರ್ಡರನ್ನು ಎರವಲು ಪಡೆದರು. ಟೇಪು ಬಳಕೆಗೆ ಬರುವ ಮುಂಚಿನ ಯಂತ್ರ ಅದು. ಕೂದಲಿನಷ್ಟು ತೆಳುವಾದ ಉಕ್ಕಿನ ತಂತಿಯ ಮೇಲೆ ಸದ್ದು ಕಾಂತದ ಗುರುತಾಗಿ ಉಳಿಯುತ್ತಿತ್ತು. ಬಲು ಭಾರದ ಆ ಪೆಟ್ಟಿಗೆ ಹೊತ್ತು ಅವರು ಹೋದದ್ದು ಜಾರ್ ಎಂಬ ಆಚರಣೆಗೆ. ಮೈಮೇಲೆ ಗಾಳಿ ಬಂದಿದೆ ಎಂದು ನಂಬಲಾದ ಹೆಂಗಸರನ್ನು ಹಾಡು, ತಮಟೆ, ಕುಣಿತಗಳಿಂದ ಸಮಾಧಾನಪಡಿಸುವ ವಿಧಿ ಅದು, ನಡೆಸುವವರೂ ಹೆಂಗಸರೇ. ಗಂಡಸರಿಗೆ ಪ್ರವೇಶವಿಲ್ಲದ ಕಡೆ ಮುಸುಕು ಹಾಕಿಕೊಂಡು ಒಳಹೊಕ್ಕ ಬಗೆಯನ್ನು ಎಲ್-ದಬ್ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಈ ಸಂಗತಿಯನ್ನು ಸಾಹಸದ ಕಥೆಯೆಂದಷ್ಟೇ ಓದಿ ಮುಂದೆ ಹೋಗುವಂತಿಲ್ಲ. ಕೇಳದೆ ತಂದ ಸದ್ದು ಯಾರದು ಎಂಬ ಪ್ರಶ್ನೆ ಈ ಕಲೆಯ ಹುಟ್ಟಿನಲ್ಲೇ ಇದೆ.

ರೇಡಿಯೋ ಕೇಂದ್ರಕ್ಕೆ ಮರಳಿದ ಮೇಲೆ ನಿಜವಾದ ಕೆಲಸ ಶುರುವಾಯಿತು. ಅಲ್ಲಿ ಪ್ರತಿಧ್ವನಿಯ ಕೋಣೆಯಿತ್ತು, ಗೋಡೆಗಳನ್ನು ಸರಿಸಿ ಅನುರಣನ ಹೆಚ್ಚುಕಡಿಮೆ ಮಾಡುವ ಅನುಕೂಲವಿತ್ತು. ಎಲ್-ದಬ್ ಹಾಡಿನ ಮೂಲಸ್ವರಗಳನ್ನು ಅಡಗಿಸಿ, ಅವುಗಳ ಮೇಲೆ ತೇಲುವ ಉಪಸ್ವರಗಳನ್ನಷ್ಟೇ ಉಳಿಸಿಕೊಂಡು ಮತ್ತೆ ಮುದ್ರಿಸಿದರು. ಪದಗಳು ಕರಗಿ, ದನಿಯ ಅಲೆ ಮಾತ್ರ ಉಳಿಯಿತು. ‘ಜಾರ್‌ನ ಅಭಿವ್ಯಕ್ತಿ’ ಎಂಬ ಆ ಕೃತಿಯನ್ನು ಅದೇ ವರ್ಷ ಕೈರೋದ ಕಲಾ ಪ್ರದರ್ಶನವೊಂದರಲ್ಲಿ ಕೇಳಿಸಲಾಯಿತು. ಇಂದು ಕೇಳಸಿಗುವುದು ಎರಡು ನಿಮಿಷದಷ್ಟು ಭಾಗ ಮಾತ್ರ. ಅದೂ 2000ದಲ್ಲಿ ಸಿ.ಡಿ.ಯಾಗಿ ಹೊರಬಂದ ಮೇಲೆ. ಅಷ್ಟರೊಳಗೆ ಪಠ್ಯಪುಸ್ತಕಗಳೆಲ್ಲ ಈ ಕಲೆಯ ಜನ್ಮಸ್ಥಳ ಪ್ಯಾರಿಸ್ ಎಂದು ಬರೆದಾಗಿತ್ತು.

ಪ್ಯಾರಿಸ್ಸಿನ ಪಾಲೂ ಸಣ್ಣದಲ್ಲ. 1910ರಲ್ಲಿ ನಾನ್ಸಿ ಪಟ್ಟಣದಲ್ಲಿ ಹುಟ್ಟಿದ ಪಿಯರ್ ಷೆಫರ್ ಅವರ ತಂದೆ ಪಿಟೀಲುವಾದಕ, ತಾಯಿ ಗಾಯಕಿ. ಮಗ ಎಂಜಿನಿಯರ್ ಆಗಿ ಫ್ರೆಂಚ್ ರೇಡಿಯೋ ಸೇರಿದರು. 1948ರ ವಸಂತದಲ್ಲಿ ಅವರು ಧ್ವನಿಮುದ್ರಣದ ವಾಹನದೊಂದಿಗೆ ಬಾತಿನ್ಯೋಲ್ ರೈಲು ನಿಲ್ದಾಣಕ್ಕೆ ಹೋದರು. ಅಲ್ಲಿ ನಿಂತಿದ್ದ ಉಗಿಬಂಡಿಗಳ ಚಾಲಕರಿಗೆ ಅವರ ವಿಚಿತ್ರ ಕೋರಿಕೆ: ಒಬ್ಬೊಬ್ಬರಾಗಿ ನಿಮ್ಮ ಎಂಜಿನ್ನನ್ನು ಮನೋಧರ್ಮದಂತೆ ನುಡಿಸಿ, ಒಬ್ಬರಿಗೊಬ್ಬರು ಉತ್ತರ ಕೊಡಿ. ಸೀಟಿ, ಉಗಿಯ ಉಬ್ಬಸ, ಬೋಗಿಗಳ ಡಿಕ್ಕಿ, ಹಳಿಗಳ ಕೀಲುಗಳ ಮೇಲೆ ಗಾಲಿಯ ತಾಳ, ಎಲ್ಲವೂ ಪ್ಲೇಟಿಗೆ ಬಂದವು.

ಷೆಫರ್ ಬಳಿ ಆಗಿನ್ನೂ ಟೇಪು ಇರಲಿಲ್ಲ. ಕೈಯಲ್ಲಿದ್ದದ್ದು ಗ್ರಾಮಫೋನ್ ಪ್ಲೇಟು ಮತ್ತು ಮುಳ್ಳು. ಪ್ಲೇಟಿನ ಗೀರು ಸವೆದು ಮುಳ್ಳು ಸಿಕ್ಕಿಕೊಂಡರೆ ಒಂದೇ ತುಣುಕು ಮತ್ತೆ ಮತ್ತೆ ಬರುವುದು ಗ್ರಾಮಫೋನ್ ಇದ್ದ ಮನೆಯವರಿಗೆಲ್ಲ ಗೊತ್ತು. ಷೆಫರ್ ಅದನ್ನು ಬೇಕೆಂದೇ ಮಾಡಿದರು. ಗೀರನ್ನು ಸುತ್ತಿ ತನ್ನನ್ನೇ ಕೂಡಿಕೊಳ್ಳುವಂತೆ ಕೊರೆದಾಗ ಒಂದು ಸದ್ದು ಕೊನೆಯಿಲ್ಲದೆ ಆವರ್ತವಾಯಿತು. ಇನ್ನೊಂದು ಪ್ರಯೋಗದಲ್ಲಿ ಗಂಟೆಯ ಸದ್ದಿನಿಂದ ಮೊದಲ ಹೊಡೆತವನ್ನು ಕತ್ತರಿಸಿ ತೆಗೆದರು. ಉಳಿದ ನಾದ ಗಂಟೆಯದೆಂದು ಯಾರಿಗೂ ಗುರುತು ಸಿಗದು. ಓಬೋ ಎಂಬ ಊದುವಾದ್ಯದಂತೆ ಕೇಳಿಸಿತು. ವಾದ್ಯದ ಗುರುತು ಅದರ ಸ್ವರಕ್ಕಿಂತ ಹೆಚ್ಚಾಗಿ ಆ ಮೊದಲ ಕ್ಷಣದ ಹೊಡೆತದಲ್ಲಿದೆ ಎಂಬುದು ಅವರಿಗೆ ಕಿವಿಯಿಂದಲೇ ಸಿಕ್ಕ ಪಾಠ.

1948ರ ಅಕ್ಟೋಬರ್ 5ರಂದು ಫ್ರೆಂಚ್ ರೇಡಿಯೋ ಅವರ ‘ಸದ್ದುಗಳ ಐದು ಅಭ್ಯಾಸಗಳು’ ಪ್ರಸಾರ ಮಾಡಿತು. ರೈಲಿನ ಅಭ್ಯಾಸ ಮೂರು ನಿಮಿಷಕ್ಕೂ ಕಡಿಮೆ. ವಾದ್ಯಗಳು ಬೆರೆತದ್ದು ಉಳಿದವುಗಳಲ್ಲಿ: ಎರಡಕ್ಕೆ ಪಿಯಾನೋ ನುಡಿಸಿದವರು ಆಗಿನ್ನೂ ಇಪ್ಪತ್ತಮೂರರ ತರುಣ ಪಿಯರ್ ಬುಲೇ, ಇನ್ನೊಂದರಲ್ಲಿ ಅಡುಗೆಯ ಪಾತ್ರೆಗಳು, ಕಾಲುವೆಯ ದೋಣಿ, ಮಾತು, ಮೌತ್ ಆರ್ಗನ್ ಒಟ್ಟಿಗೆ ಬಂದವು. ಮರುವರ್ಷ ತಾಳವಾದ್ಯ ಕಲಿತಿದ್ದ ಪಿಯರ್ ಹಾನ್ರಿ ಜೊತೆಯಾದರು. ಇಬ್ಬರೂ ಸೇರಿ ಹೆಜ್ಜೆ, ಉಸಿರು, ನಗು, ಕೂಗು ಮತ್ತು ತಂತಿಗಳ ನಡುವೆ ವಸ್ತುಗಳನ್ನು ಸಿಕ್ಕಿಸಿದ ಪಿಯಾನೋ ಬಳಸಿ ‘ಒಂಟಿ ಮನುಷ್ಯನ ಸಿಂಫನಿ’ ಕಟ್ಟಿದರು. 1950ರ ಮಾರ್ಚ್ 18ರಂದು ಅದರ ಮೊದಲ ಪ್ರದರ್ಶನ. 1951ರಲ್ಲಿ ಟೇಪು ಬಂದ ಮೇಲೆ ಬ್ಲೇಡು ಮತ್ತು ಅಂಟುಪಟ್ಟಿಯೇ ಅಲ್ಲಿನ ಕಸುಬಿನ ಸಲಕರಣೆಗಳಾದವು.

ಷೆಫರ್‌ಗೆ ಒಂದು ಹಟವಿತ್ತು. ಸದ್ದು ಎಲ್ಲಿಂದ ಬಂತು ಎಂಬುದನ್ನು ಕೇಳುಗ ಮರೆಯಬೇಕು, ಅದರ ಮೈಕಟ್ಟು, ಉಬ್ಬುತಗ್ಗು, ಒರಟುತನಗಳನ್ನಷ್ಟೇ ಆಲಿಸಬೇಕು. 1966ರಲ್ಲಿ ಅವರು ಪ್ರಕಟಿಸಿದ ದೊಡ್ಡ ಗ್ರಂಥದ ಬೆನ್ನೆಲುಬು ಈ ವಾದವೇ. ಶಿಷ್ಯರಿಗೆ ಪರದೆಯ ಹಿಂದಿನಿಂದ ಪಾಠ ಹೇಳುತ್ತಿದ್ದನೆಂಬ ಪೈಥಾಗೊರಸ್‌ನ ಕಥೆ ಅವರಿಗೆ ಪ್ರಿಯವಾಗಿತ್ತು. ಆದರೆ ಅವರ ರೈಲಿನ ಕೃತಿಯನ್ನು ಯಾರ ಮುಂದೆ ಹಾಕಿದರೂ ಮೊದಲು ಕೇಳಿಸುವುದು ರೈಲೇ. ಆ ಮೂರು ನಿಮಿಷದ ಬಲವೂ ಅದರಲ್ಲೇ ಇದೆ. ಸೀಟಿ ಕೇಳಿದೊಡನೆ ಪ್ಲಾಟ್‌ಫಾರಂ ಕಣ್ಣಿಗೆ ಬರುತ್ತದೆ, ಮರುಗಳಿಗೆ ಅದೇ ಸೀಟಿ ಆವರ್ತಕ್ಕೆ ಬಿದ್ದು ಲಯವಾಗುತ್ತದೆ, ಮನಸ್ಸು ಎರಡರ ನಡುವೆ ಓಡಾಡುತ್ತದೆ. ಸಿದ್ಧಾಂತ ಬೇಡವೆಂದದ್ದನ್ನು ಕೃತಿ ಉಳಿಸಿಕೊಂಡಿತು.

ಗುರುವಿನ ಮಾತಿಗೆ ಎದುರು ನಿಂತವರು ಅದೇ ಬಳಗದವರು. 1958ರಲ್ಲಿ ಷೆಫರ್ ಜೊತೆ ಹೊಸ ಸಂಶೋಧನಾ ತಂಡ ಕಟ್ಟಲು ನೆರವಾದ ಲ್ಯೂಕ್ ಫೆರಾರಿ 1968ರಲ್ಲಿ ಯುಗೊಸ್ಲಾವಿಯಾದ ಕೊರ್ಚುಲಾ ದ್ವೀಪದ ವೇಲಾ ಲೂಕಾ ಎಂಬ ಬೆಸ್ತರ ಊರಿನಲ್ಲಿದ್ದರು. ನಸುಕಿಗೆ ಎದ್ದು ಕಿಟಕಿಯಲ್ಲಿ ಮೈಕ್ ಇಡುವುದು ಅವರ ದಿನಚರಿಯಾಯಿತು. ಅದೇ ಹೊತ್ತಿಗೆ ದೋಣಿಯ ಮೋಟಾರು, ಅದೇ ಹೊತ್ತಿಗೆ ಕತ್ತೆಯ ಹೆಜ್ಜೆ, ಹೆಂಗಸರ ಮಾತು, ಬಿಸಿಲೇರಿದಂತೆ ಜೀರುಂಡೆಗಳು. ಹಲವು ಬೆಳಗುಗಳನ್ನು ಸೇರಿಸಿ ಅವರು ಸುಮಾರು ಇಪ್ಪತ್ತು ನಿಮಿಷದ ಒಂದು ಬೆಳಗು ಮಾಡಿದರು. ಹೊಲಿಗೆ ಕಾಣದಷ್ಟು ನವುರಾದ ಕೆಲಸ. 1970ರಲ್ಲಿ ಹೊರಬಂದ ಆ ಕೃತಿಯ ಹೆಸರು ‘ಬಹುತೇಕ ಏನೂ ಇಲ್ಲ’. ಇದು ಸಂಗೀತವೇ ಅಲ್ಲ ಎಂದು ಜೊತೆಗಾರರೇ ತಳ್ಳಿಹಾಕಿದರು. ಇಂದು ಮೈಕ್ ಹಿಡಿದು ಊರೂರು ಸುತ್ತುವ ಕಲಾವಿದರಿಗೆಲ್ಲ ಅದು ದಾರಿ ತೋರಿದ ಕೃತಿ.

ವಾದ್ಯ ಮತ್ತು ನೆಲದ ಸದ್ದು ಸರಿಸಮವಾಗಿ ಕೂತು ನುಡಿದ ಉದಾಹರಣೆ ಬೇಕೆಂದರೆ ಫಿನ್ಲೆಂಡಿನ ಐನೊಯುಹಾನಿ ರೌತಾವಾರ. ಓಲು ವಿಶ್ವವಿದ್ಯಾಲಯ ಪದವಿ ಪ್ರದಾನಕ್ಕೆಂದು ಕೃತಿ ಕೇಳಿದಾಗ ಅವರು 1972ರಲ್ಲಿ ಬರೆದುಕೊಟ್ಟದ್ದು ಹಕ್ಕಿಗಳಿಗೂ ವಾದ್ಯವೃಂದಕ್ಕೂ ಒಂದು ಕಂಚೆರ್ಟೊ. ಲಿಮಿಂಕಾ ಜೌಗು ಪ್ರದೇಶದ ಹಕ್ಕಿಗಳ ಮುದ್ರಣ ಅದರ ಜೀವ. ಎರಡನೆಯ ಭಾಗದಲ್ಲಿ ಒಂದು ಬಾನಾಡಿಯ ಹಾಡನ್ನು ಎರಡು ಸ್ಥಾಯಿ ಕೆಳಗಿಳಿಸಿದ್ದಾರೆ. ಸಣ್ಣ ಹಕ್ಕಿಯ ಉಲಿ ಅಲ್ಲಿ ಮಂದ್ರದ ವಿಲಾಪವಾಗುತ್ತದೆ. 1988ರಲ್ಲಿ ಅಮೆರಿಕದ ಸ್ಟೀವ್ ರೈಕ್ ‘ಡಿಫರೆಂಟ್ ಟ್ರೇನ್ಸ್’ನಲ್ಲಿ ಮತ್ತೆ ರೈಲನ್ನೇ ತಂದರು. ಬಾಲ್ಯದಲ್ಲಿ ನ್ಯೂಯಾರ್ಕ್‌ನಿಂದ ಲಾಸ್ ಏಂಜಲಿಸ್‌ಗೆ ತಾವು ಹೋಗುತ್ತಿದ್ದ ರೈಲು, ಅದೇ ವರ್ಷಗಳಲ್ಲಿ ಯುರೋಪಿನಲ್ಲಿ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಒಯ್ದ ರೈಲು. ಬದುಕುಳಿದವರ ಮಾತಿನ ಏರಿಳಿತವನ್ನೇ ನಾಲ್ಕು ತಂತಿವಾದ್ಯಗಳು ಸ್ವರಸ್ವರವಾಗಿ ಹಿಂಬಾಲಿಸುತ್ತವೆ. ಇಲ್ಲಿ ರೈಲನ್ನು ಮರೆತು ಕೇಳಿರೆಂದರೆ ಕೃತಿಯೇ ಇರುವುದಿಲ್ಲ.

ಭಾರತಕ್ಕೂ ಈ ಕಥೆಯಲ್ಲಿ ಎಳೆಗಳಿವೆ. 1946ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕದ ಸಂಗೀತಗಾರ ಜಾನ್ ಕೇಜ್‌ಗೆ ನಮ್ಮ ಸಂಗೀತದ ಪಾಠ ಹೇಳಿದ ಪಖವಾಜ್ ವಾದಕಿ ಗೀತಾ ಸಾರಾಭಾಯಿ, ಎರಡು ದಶಕದ ನಂತರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಏಳಲು ಕಾರಣರಾದವರಲ್ಲಿ ಒಬ್ಬರು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಮೋಗ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯವನ್ನು ಸ್ಥಾಪಿಸಿಕೊಟ್ಟರು. ಕೆಲವೇ ವರ್ಷ ನಡೆದ ಆ ಕೆಲಸದ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಸುಮ್ಮನೆ ಕುಳಿತಿದ್ದವು. ಕಲಾವಿದ ಪಾಲ್ ಪರ್ಗಾಸ್ ಅವುಗಳನ್ನು ಹೊರತೆಗೆದು, 2023ರಲ್ಲಿ ಸಂಪುಟವಾಗಿ ತಂದರು.

ದೆಹಲಿಯ ಕಥೆ ಬೇರೆ ತೆರನದು. ಜರ್ಮನಿಯಲ್ಲಿ ಹುಟ್ಟಿ ಕೆನಡಾದ ವ್ಯಾಂಕೂವರ್‌ನಲ್ಲಿ ನೆಲೆಸಿದ ಹಿಲ್ಡೆಗಾರ್ಡ್ ವೆಸ್ಟರ್‌ಕಾಂಪ್ 1970ರ ದಶಕದಿಂದ ಊರಿನ ಸದ್ದುಗಳನ್ನು ನಡೆದು ಕೇಳುವ, ರೇಡಿಯೋದಲ್ಲಿ ಕೇಳಿಸುವ ಕೆಲಸ ಮಾಡಿದವರು. 1989ರ ಒಂದು ಕೃತಿಯಲ್ಲಿ ಅವರು ಕಡಲಂಚಿನ ಬಂಡೆಗೆ ಅಂಟಿದ ಪುಟ್ಟ ಜೀವಿಗಳ ಚಿಟಿಚಿಟಿಯನ್ನು ಕೇಳಿಸುತ್ತ, ನಗರದ ಗದ್ದಲವನ್ನು ಈಗ ಹೀಗೆ ತಗ್ಗಿಸುತ್ತಿದ್ದೇನೆ ಎಂದು ತಮ್ಮ ಕೈಚಳಕವನ್ನು ಬಾಯಿಬಿಟ್ಟು ಹೇಳುತ್ತಾರೆ. 1992ರಲ್ಲಿ ನವದೆಹಲಿಯ ಮ್ಯಾಕ್ಸ್ ಮುಲ್ಲರ್ ಭವನ ಅವರನ್ನು ಕಾರ್ಯಾಗಾರಕ್ಕೆ ಕರೆಯಿತು. ಬೀದಿ ವ್ಯಾಪಾರಿಗಳ ಕೂಗು ಅವರ ಮನಸ್ಸು ಹಿಡಿಯಿತು. 1997ರ ಅವರ ದೆಹಲಿ ಕೃತಿಗೆ ಆ ಕೂಗೇ ಆಧಾರ. ಹೊರಗಿನವಳಾಗಿ ಈ ಸದ್ದನ್ನು ಹೇಗೆ ಮುಟ್ಟಲಿ ಎಂಬ ಅಳುಕನ್ನು ಅವರು ಬಚ್ಚಿಡಲಿಲ್ಲ. ವ್ಯಾಂಕೂವರ್‌ನ ಕೇಳುಗರಿಗೆ ಅದು ಒರಟು ಗಂಟಲಿನ ಒಂದು ಸುಂದರ ಏರಿಳಿತ. ದೆಹಲಿಯ ಓಣಿಯಲ್ಲಿ ಬೆಳೆದವರ ಕಿವಿಗೆ ತರಕಾರಿ ಗಾಡಿ ಬಾಗಿಲ ಬಳಿ ಬಂದಿದೆ ಎಂಬ ಸುದ್ದಿ. ವೆಸ್ಟರ್‌ಕಾಂಪ್ ಆ ದನಿಯನ್ನು ನಿಧಾನಿಸಿದರೂ, ಬೆರೆಸಿದರೂ ಈ ಎರಡು ಕಿವಿಗಳಿಗೂ ಎಡೆ ಬಿಟ್ಟರು.